'ವಯಸ್ಸಾಯಿತಲ್ಲ' ಎಂಬ ರೋಗನಿರ್ಣಯ

ಕಳೆದ ತಿಂಗಳು ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುತ್ತ ನಿಂತಿದ್ದಾಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎದುರಾದಳು. 1994ರ ಹತ್ತನೆಯ ತರಗತಿಯವಳು. ಈಗ ಅವಳ ಕೂದಲೂ ಅಲ್ಲಲ್ಲಿ ನರೆತಿದೆ. ಕುಶಲ ವಿಚಾರಿಸಿದೆ. ಅವಳ ತಂದೆಯವರು ನ್ಯುಮೋನಿಯಾ ಆಗಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದಾರಂತೆ. "ಜ್ವರ ಹೋಯಿತು ಮಿಸ್. ಆದರೆ ಅಪ್ಪ ಮೊದಲಿನ ಅಪ್ಪನಾಗಿ ಬರಲಿಲ್ಲ. ಅಲ್ಲಿ ಮೂರನೆಯ ದಿನ ಇದ್ದಕ್ಕಿದ್ದ ಹಾಗೆ ಏನೇನೋ ಮಾತನಾಡಲು ತೊಡಗಿದರು. ಡಾಕ್ಟರನ್ನು ಕೇಳಿದರೆ 'ವಯಸ್ಸಾಯಿತಲ್ಲ' ಎಂದರು" ಎಂದು ಕಣ್ಣೊರೆಸಿಕೊಂಡಳು.

ಆ ಮಾತು ಕಿವಿಗೆ ಬಿದ್ದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಏಕೆಂದರೆ ಅದೇ ಮಾತನ್ನು ಅದೇ ಧಾಟಿಯಲ್ಲಿ ನಾನೂ ಒಮ್ಮೆ ಕೇಳಿದ್ದೇನೆ. ಕೇಳಿ ತಲೆಯಾಡಿಸಿದ್ದೇನೆ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ "ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಬರೆಯಿರಿ, ಬಾಯಿಗೆ ಬಂದದ್ದನ್ನು ಬರೆಯಬೇಡಿ" ಎಂದು ಹೇಳಿಕೊಟ್ಟ ನಾನು, ಅಂದು ಬಾಯಿಗೆ ಬಂದ ಉತ್ತರವನ್ನು ಪ್ರಶ್ನಿಸದೆ ಒಪ್ಪಿಕೊಂಡೆ. ಆ ತಪ್ಪಿನ ಪ್ರಾಯಶ್ಚಿತ್ತವಾಗಿ ಈ ಲೇಖನ. ಓದುವವರಲ್ಲಿ ನನ್ನ ವಿದ್ಯಾರ್ಥಿಗಳೂ ಬಂಧುಗಳೂ ಇದ್ದೀರಿ. ನಿಮ್ಮಲ್ಲಿ ಕೆಲವರು ವೈದ್ಯರು, ಕೆಲವರು ದಾದಿಯರು, ಬಹುಪಾಲು ಮಂದಿ ವಯಸ್ಸಾದ ತಂದೆತಾಯಿಗಳ ಮಕ್ಕಳು. ಎಲ್ಲರೂ ಸ್ವಲ್ಪ ಸಾವಧಾನದಿಂದ ಓದಬೇಕೆಂದು ಕೋರುತ್ತೇನೆ.

ನಾನು ಹೇಳಬೇಕಾದದ್ದು ಇಷ್ಟೇ. ನಿನ್ನೆ ಸರಿಯಾಗಿದ್ದ ಹಿರಿಯರು ಇಂದು ಆಸ್ಪತ್ರೆಯ ಹಾಸಿಗೆಯಲ್ಲಿ ದಿಕ್ಕು ತಪ್ಪಿದವರಂತೆ ಮಾತನಾಡಿದರೆ ಅದು ವಯಸ್ಸಲ್ಲ, ರೋಗ. ವಯಸ್ಸು ಒಂದು ರಾತ್ರಿಯಲ್ಲಿ ಬರುವುದಿಲ್ಲ. ಆ ರೋಗಕ್ಕೆ ಹೆಸರಿದೆ, ಕಾರಣಗಳಿವೆ, ಬಹಳಷ್ಟು ಸಲ ತಡೆಯುವ ದಾರಿಯೂ ಇದೆ. 'ವಯಸ್ಸಾಯಿತಲ್ಲ' ಎಂಬುದು ರೋಗನಿರ್ಣಯವಲ್ಲ. ರೋಗನಿರ್ಣಯ ಮಾಡದಿರುವುದಕ್ಕೆ ಹೇಳುವ ನೆಪ.

ಇನ್ನು ನನ್ನ ಅಕ್ಕನ ವಿಷಯ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ನನ್ನ ಹೆಸರು ಬೇಡ. ಆದರೆ ಕೈ ಕಟ್ಟಿದ್ದನ್ನು ಮಾತ್ರ ಬಿಡಬೇಡ" ಎಂಬುದು ಅವಳ ಷರತ್ತು.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಮಹಾಲೇಖಪಾಲರ ಕಚೇರಿಯಲ್ಲಿ ಲೆಕ್ಕ ತಪಾಸಣೆ ಮಾಡಿ ನಿವೃತ್ತಳಾದವಳು. ಭಾವನವರು ತೀರಿಕೊಂಡ ಮೇಲೆ ಗವಿಪುರದ ಮನೆಯಲ್ಲಿ ಒಬ್ಬಳೇ ಇದ್ದಳು. ಹಾಲಿನ ಲೆಕ್ಕ, ಔಷಧಿಯ ಲೆಕ್ಕ, ಮಹಿಳಾ ಸಮಾಜದ ಚೀಟಿಯ ಲೆಕ್ಕ ಎಲ್ಲವೂ ಅವಳ ನಾಲಗೆಯ ತುದಿಯಲ್ಲಿ. ಪಂಚಾಂಗ ತೆರೆಯದೆಯೇ ತಿಥಿ ಹೇಳುತ್ತಿದ್ದಳು. 2023ರ ಡಿಸೆಂಬರ್ 11, ಕಡಲೆಕಾಯಿ ಪರಿಷೆಯ ಸೋಮವಾರ. ಸಂಜೆ ದೊಡ್ಡ ಗಣಪತಿಯ ದರ್ಶನ ಮಾಡಿಕೊಂಡು ಬರುವಾಗ ಬುಲ್ ಟೆಂಪಲ್ ರಸ್ತೆಯಲ್ಲಿ ಸಿಪ್ಪೆಯ ರಾಶಿಯ ಮೇಲೆ ಕಾಲು ಜಾರಿ ಬಿದ್ದಳು. ತೊಡೆಯ ಮೂಳೆ ಸೊಂಟದ ಕೀಲಿನ ಬಳಿ ಮುರಿದಿತ್ತು. ಆಗ ಅವಳಿಗೆ ಎಪ್ಪತ್ತೆಂಟು. ನಾವು ಸೇರಿಸಿದ್ದು ನಮ್ಮ ಕಡೆಯದೇ ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ. ಅದರ ಹೆಸರು ಇಲ್ಲಿ ಅಗತ್ಯವಿಲ್ಲ. ಈ ಕಥೆ ಯಾವ ಆಸ್ಪತ್ರೆಯಲ್ಲಾದರೂ ನಡೆಯಬಹುದಾದದ್ದು.

ಬುಧವಾರ ಶಸ್ತ್ರಚಿಕಿತ್ಸೆಯಾಯಿತು. ಮೂಳೆ ವೈದ್ಯರು ತಮ್ಮ ಕೆಲಸವನ್ನು ಬಹಳ ಚೆನ್ನಾಗಿ ಮಾಡಿದರು. ಆ ಕೃತಜ್ಞತೆ ನನಗೆ ಸದಾ ಇದೆ. ಒಳಗೆ ಕರೆದೊಯ್ಯುವ ಮೊದಲು ಅಕ್ಕನ ಕನ್ನಡಕ, ಕಿವಿಯ ಮಿಷನ್ನು, ಹಲ್ಲಿನ ಸೆಟ್ಟು, ಬಳೆ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟು, "ಮನೆಗೆ ತೆಗೆದುಕೊಂಡು ಹೋಗಿ, ಕಳೆದರೆ ನಾವು ಜವಾಬ್ದಾರರಲ್ಲ" ಎಂದರು. ನಾನು ವಿಧೇಯಳಾಗಿ ಮನೆಗೆ ತಂದು ಬೀರುವಿನಲ್ಲಿಟ್ಟು ಬೀಗ ಹಾಕಿದೆ! ಅಕ್ಕನ ಕಣ್ಣು ಕಿವಿಗಳನ್ನೇ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೇನೆಂದು ನನಗೆ ಆಗ ಹೊಳೆಯಲಿಲ್ಲ.

ಶಸ್ತ್ರಚಿಕಿತ್ಸೆಯ ನಂತರ ಐಸಿಯು. ಅಲ್ಲಿ ಹಗಲು ರಾತ್ರಿ ಒಂದೇ ಬೆಳಕು. ಗಂಟೆಗೊಮ್ಮೆ ಯಂತ್ರಗಳ ಕಿರಿಚಾಟ. ಮನೆಯವರಿಗೆ ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷದ ಪ್ರವೇಶ. ಗುರುವಾರ ಬೆಳಿಗ್ಗೆ ಹೋದಾಗ ಅಕ್ಕ ನನ್ನನ್ನು ನೋಡಿ, "ರೈಲು ಇನ್ನೂ ಬಂದಿಲ್ಲ. ಇವರು ನನ್ನ ಸಾಮಾನನ್ನೆಲ್ಲ ಕದ್ದಿದ್ದಾರೆ. ಗೋಡೆಯ ತುಂಬ ಇರುವೆ ನೋಡು" ಎಂದಳು. ಅವಳ ಎರಡು ಕೈಗಳನ್ನೂ ಬ್ಯಾಂಡೇಜು ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. ರಾತ್ರಿ ಡ್ರಿಪ್ಪಿನ ಸೂಜಿ ಕಿತ್ತಳಂತೆ. ನಿದ್ರೆಗೆ ಇಂಜೆಕ್ಷನ್ ಕೊಟ್ಟಿದ್ದರಂತೆ. ಗಾಬರಿಯಿಂದ ಡ್ಯೂಟಿ ಡಾಕ್ಟರನ್ನು ಕೇಳಿದೆ. ನನ್ನ ಮೊಮ್ಮಗನ ವಯಸ್ಸಿನ ಹುಡುಗ, ಪಾಪ, ಅವನೂ ರಾತ್ರಿಯೆಲ್ಲ ಮಲಗಿರಲಿಲ್ಲ. "ವಯಸ್ಸಾಯಿತಲ್ಲ ಆಂಟಿ. ಇದೆಲ್ಲ ಕಾಮನ್" ಎಂದ. ನಾನು ತಲೆಯಾಡಿಸಿ ಹೊರಗೆ ಬಂದೆ.

ಶುಕ್ರವಾರ ಅಕ್ಕ ಶಾಂತಳಾಗಿದ್ದಳು. ಕೂಗಾಟವಿಲ್ಲ, ಇರುವೆಗಳಿಲ್ಲ. ಕಣ್ಣು ಅರೆಮುಚ್ಚಿ ಮಲಗಿದ್ದಳು. ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚಿಕೊಳ್ಳುತ್ತಿದ್ದಳು. "ಈಗ ಪರವಾಗಿಲ್ಲ, ಸಮಾಧಾನವಾಗಿದ್ದಾರೆ" ಎಂದರು. ನಾವೆಲ್ಲ ನೆಮ್ಮದಿಯ ನಿಟ್ಟುಸಿರು ಬಿಟ್ಟೆವು. ನಾನು ದೇವರಿಗೆ ತುಪ್ಪದ ದೀಪವನ್ನೂ ಹಚ್ಚಿದೆ. ವಾಸ್ತವವಾಗಿ ಅಂದೇ ಅವಳ ಸ್ಥಿತಿ ಹೆಚ್ಚು ಅಪಾಯದ್ದಾಗಿತ್ತೆಂದು ಶನಿವಾರ ತಿಳಿಯಿತು.

ಶನಿವಾರ ನೋಡಲು ಬಂದವನು ನನ್ನ ಹಳೆಯ ವಿದ್ಯಾರ್ಥಿ, ಈಗ ಬೇರೊಂದು ಊರಿನಲ್ಲಿ ಫಿಸಿಷಿಯನ್. ಅವನು ಅಕ್ಕನ ಕೈ ಹಿಡಿದು, ಕಿವಿಯ ಹತ್ತಿರ ಬಾಗಿ, "ಅಮ್ಮಾ, ಚೈತ್ರ ವೈಶಾಖ ಅಂತ ತಿಂಗಳುಗಳನ್ನು ಹಿಂದಿನಿಂದ ಹೇಳಿ ನೋಡೋಣ" ಎಂದ. ಬಾಯಿಪಾಠವಾಗಿ ಸಂವತ್ಸರಗಳನ್ನೇ ಹೇಳುತ್ತಿದ್ದ ಅಕ್ಕ "ಫಾಲ್ಗುಣ..." ಎಂದು ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ "ಫಾಲ್ಗುಣ" ಎಂದಳು. ಮಾಘ ಬರಲೇ ಇಲ್ಲ. ಹೊರಗೆ ಬಂದು ಅವನು ಹೇಳಿದ: "ಮಿಸ್, ಇದು ಮರೆವಿನ ಕಾಯಿಲೆ ಅಲ್ಲ. ಇದು ಡೆಲಿರಿಯಮ್. ಸುಮ್ಮನಿರುವ ಡೆಲಿರಿಯಮ್. ಗದ್ದಲ ಮಾಡುವವರನ್ನು ಎಲ್ಲರೂ ಗಮನಿಸುತ್ತಾರೆ. ಸುಮ್ಮನಿರುವವರನ್ನು ಯಾರೂ ಗಮನಿಸುವುದಿಲ್ಲ. ವಯಸ್ಸಾದವರಲ್ಲಿ ಹೆಚ್ಚಾಗಿ ಬರುವುದು ಇದೇ."

ಅವನು ಅಲ್ಲಿಯ ವೈದ್ಯರೊಡನೆ ವಿನಯದಿಂದ ಮಾತನಾಡಿದ. ರಕ್ತ ಪರೀಕ್ಷಿಸಿದರು. ಸೋಡಿಯಂ ತೀರ ಇಳಿದಿತ್ತು. ಮೂತ್ರದಲ್ಲಿ ಸೋಂಕು. ನಾಲ್ಕು ದಿನದಿಂದ ಹೊಟ್ಟೆ ಕಟ್ಟಿತ್ತು. ಮೂತ್ರದ ನಳಿಕೆಯನ್ನು ತೆಗೆದರು, ನಿದ್ರೆಯ ಇಂಜೆಕ್ಷನ್ ನಿಲ್ಲಿಸಿದರು, ಕೈ ಬಿಚ್ಚಿದರು. ಕನ್ನಡಕ ಮತ್ತು ಕಿವಿಯ ಮಿಷನ್ನು ಬೀರುವಿನಿಂದ ಹೊರಬಂದವು. ವಾರ್ಡಿಗೆ ವರ್ಗಾಯಿಸಿ ಕಿಟಕಿಯ ಪಕ್ಕದ ಮಂಚ ಕೊಟ್ಟರು. ನಾನು ಹಗಲೂ ರಾತ್ರಿಯೂ ಪಕ್ಕದಲ್ಲಿ ಕುಳಿತೆ. ಸೋಮವಾರ ಬೆಳಗಿನ ಜಾವ ಅಕ್ಕ ನನ್ನನ್ನು ದಿಟ್ಟಿಸಿ ನೋಡಿ, "ಇವತ್ತು ಸುಬ್ಬರಾಯನ ಷಷ್ಠಿ ಅಲ್ಲವೇನೇ? ನೀನು ಇಲ್ಲೇನು ಮಾಡುತ್ತಿದ್ದೀಯೆ?" ಎಂದು ಗದರಿದಳು. ನಿಜ, ಅಂದು ಷಷ್ಠಿಯೇ ಆಗಿತ್ತು. ಆ ಗದರಿಕೆ ಕೇಳಿದಾಗ ನಾನು ಅತ್ತ ಹಾಗೆ ಅವಳು ಬಿದ್ದ ದಿನವೂ ಅತ್ತಿರಲಿಲ್ಲ.

ಮಂಗಳವಾರ ಮತ್ತೆ ಸ್ವಲ್ಪ ಮಬ್ಬು, ಬುಧವಾರ ಮತ್ತೆ ತಿಳಿ. ಇದೂ ಈ ರೋಗದ ಲಕ್ಷಣವೇ. ಬೆಳಿಗ್ಗೆ ಒಂದು ಬಗೆ, ಸಂಜೆ ಒಂದು ಬಗೆ.

ಇಷ್ಟಾದ ಮೇಲೆ ನಾನು ಓದತೊಡಗಿದೆ. ಮೇಷ್ಟ್ರುಗಳ ಚಟ ಅದು. ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಡೆಲಿರಿಯಮ್ ಎಂಬ ಪದ ಲ್ಯಾಟಿನ್ನಿನದು. ಉಳುವಾಗ ನೇಗಿಲು ಸಾಲು ತಪ್ಪುವುದು ಎಂಬುದು ಅದರ ಮೂಲಾರ್ಥ. ಎತ್ತು ಸಾಲು ತಪ್ಪಿದರೆ ತಿಳಿದ ರೈತ ಕಾಲಿಗೆ ಏನು ತಾಗಿತೆಂದು ಬಗ್ಗಿ ನೋಡುತ್ತಾನೆ. ಎತ್ತಿಗೆ ವಯಸ್ಸಾಯಿತೆಂದು ಕೈಚೆಲ್ಲಿ ಕೂರುವುದಿಲ್ಲ. ನಮ್ಮ ಭಾಷೆಯಲ್ಲಿಯೂ ಇದಕ್ಕೊಂದು ಹಳೆಯ ಪದವಿದೆ: ಸನ್ನಿ. ವಾತ ಪಿತ್ತ ಕಫ ಮೂರೂ ಒಟ್ಟಿಗೆ ಕೆರಳಿದರೆ ಸನ್ನಿಪಾತ ಎಂದು ಆಯುರ್ವೇದ ಹೇಳಿತು. ಅದು ಜನರ ಬಾಯಲ್ಲಿ ಸನ್ನಿಯಾಯಿತು. ನಾನು ಹತ್ತು ವರ್ಷದವಳಿದ್ದಾಗ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಅಜ್ಜಿಗೆ ವಿಷಮಶೀತ ಜ್ವರ ಬಂದಿತ್ತು. ಒಂದು ರಾತ್ರಿ ಅವರು ಸತ್ತ ತಮ್ಮ ತಾಯಿಯೊಡನೆ ಮಾತನಾಡತೊಡಗಿದರು. ಮನೆಗೆ ಬಂದ ಡಾಕ್ಟರು, "ಸನ್ನಿ ಹಿಡಿದಿದೆ. ಒಬ್ಬರು ಪಕ್ಕದಲ್ಲೇ ಕೂತಿರಿ. ದೀಪ ಆರಿಸಬೇಡಿ. ಆಗಾಗ ಗಂಜಿಯ ತಿಳಿ ಕುಡಿಸಿ, ಹೆಸರು ಹಿಡಿದು ಮಾತನಾಡಿಸಿ" ಎಂದು ಹೇಳಿ ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಅಂದು ಮನೆಯಲ್ಲಿ ಯಾರೂ "ಅಜ್ಜಿಗೆ ವಯಸ್ಸಾಯಿತು" ಎನ್ನಲಿಲ್ಲ. ಜ್ವರ ಬಿಟ್ಟರೆ ಸನ್ನಿ ಬಿಡುತ್ತದೆ ಎಂಬ ತಿಳಿವಳಿಕೆ ಎಲ್ಲರಿಗೂ ಇತ್ತು. ಬಾಣಂತಿ ಸನ್ನಿ ಎಂಬ ಮಾತೂ ಇತ್ತಲ್ಲವೇ? ಇಪ್ಪತ್ತರ ಬಾಣಂತಿಗೆ ವಯಸ್ಸಾಯಿತೆಂದು ಯಾರು ತಾನೆ ಹೇಳಿಯಾರು!

ಹಿಂದಿನದೆಲ್ಲ ಚಿನ್ನವೆಂದು ನಾನು ಹೇಳುತ್ತಿಲ್ಲ. ಆಗ ವಿಷಮಶೀತ ಜ್ವರದಿಂದ ಸಾಯುತ್ತಿದ್ದವರೂ ಬಹಳ. ಸನ್ನಿಯನ್ನು ದೆವ್ವದ ಕಾಟವೆಂದು ತಿಳಿದು ಬೇವಿನ ಸೊಪ್ಪಿನಿಂದ ಹೊಡೆಸಿದವರೂ ಇದ್ದರು. ನನ್ನ ತಕರಾರು ಒಂದೇ. ಔಷಧಿಗಳು ಬಂದವು, ಯಂತ್ರಗಳು ಬಂದವು. ಆದರೆ ಇದೊಂದು ಬಂದು ಹೋಗುವ ರೋಗ ಎಂಬ ತಿಳಿವಳಿಕೆ ಮಾತ್ರ ಎಲ್ಲೋ ಕಳೆದುಹೋಯಿತು. ಅದರ ಜಾಗದಲ್ಲಿ 'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆ ಬಂದು ಕುಳಿತಿತು. ಈ ಗಾದೆಯಷ್ಟು ಅನ್ಯಾಯದ ಗಾದೆ ನಮ್ಮ ಭಾಷೆಯಲ್ಲಿ ಇನ್ನೊಂದಿಲ್ಲ. ಅರವತ್ತು ದಾಟಿದ ಬೇಂದ್ರೆಯವರು 'ಅರಳು ಮರಳು' ಎಂದೇ ಹೆಸರಿಟ್ಟ ಸಂಕಲನಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಗಾದೆಗೆ ಅದಕ್ಕಿಂತ ಒಳ್ಳೆಯ ಉತ್ತರ ಬೇಕೆ? ಅಂಕಿಯೇ ಬೇಕೆನ್ನುವವರಿಗೆ ಅದೂ ಇದೆ. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಡಿಮೆನ್ಷಿಯಾ ಇರುವವರು ಶೇಕಡ 7.4 ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿತು. ಎಂದರೆ ನೂರರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಮಂದಿಗೆ ಅದಿಲ್ಲ.

ಡಿಮೆನ್ಷಿಯಾಕ್ಕೂ ಡೆಲಿರಿಯಮ್ಮಿಗೂ ಇರುವ ವ್ಯತ್ಯಾಸವನ್ನು ಹತ್ತನೆಯ ತರಗತಿಯ ಮಕ್ಕಳಿಗೂ ಅರ್ಥವಾಗುವಂತೆ ಹೇಳಬಹುದು. ಮೊದಲನೆಯದು ಸಂಜೆಗತ್ತಲಿನ ಹಾಗೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಕವಿಯುತ್ತದೆ. ಎರಡನೆಯದು ಕರೆಂಟು ಹೋದ ಹಾಗೆ. ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ ಬರುತ್ತದೆ. ಅದನ್ನು ಗುರುತಿಸಲು 1990ರಲ್ಲಿ ಅಮೆರಿಕದ ವೈದ್ಯೆ ಶರನ್ ಇನೋಯೆ ಮತ್ತು ಸಂಗಡಿಗರು ಒಂದು ಸರಳ ಕ್ರಮವನ್ನು ರೂಪಿಸಿದರು. ಬದಲಾವಣೆ ಥಟ್ಟನೆ ಬಂದು ಏರಿಳಿಯುತ್ತಿದೆಯೇ? ಗಮನ ನಿಲ್ಲುತ್ತಿಲ್ಲವೇ? ಈ ಎರಡಕ್ಕೂ ಹೌದು ಎಂದಾದರೆ, ಜೊತೆಗೆ ಮಾತು ಅಸ್ತವ್ಯಸ್ತವಾಗಿದ್ದರೆ ಅಥವಾ ಎಚ್ಚರದ ಮಟ್ಟ ಬದಲಾಗಿದ್ದರೆ ಅದು ಡೆಲಿರಿಯಮ್. ತಿಂಗಳುಗಳನ್ನು ಹಿಂದುಮುಂದಾಗಿ ಹೇಳಿಸುವುದು ಗಮನ ನಿಲ್ಲುತ್ತದೆಯೇ ಎಂದು ನೋಡುವ ಒಂದು ಉಪಾಯ. ಇದಕ್ಕೆ ಸ್ಕ್ಯಾನಿಂಗ್ ಯಂತ್ರ ಬೇಡ, ಲಕ್ಷ ರೂಪಾಯಿ ಬೇಡ. ಐದು ನಿಮಿಷದ ತಾಳ್ಮೆ ಮತ್ತು ರೋಗಿಯ ಭಾಷೆ, ಇವೆರಡು ಸಾಕು. ಭಾಷೆ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಿವಿ ಮಂದವಾದ ಮುದುಕಿಯನ್ನು ಮಾಸ್ಕಿನ ಹಿಂದಿನಿಂದ ಅವಳದಲ್ಲದ ಭಾಷೆಯಲ್ಲಿ "ಡೇಟ್ ಏನು" ಎಂದು ಕೇಳಿ, ಉತ್ತರ ಬರಲಿಲ್ಲವೆಂದು ಬರೆದುಕೊಳ್ಳುವುದು ಪರೀಕ್ಷೆಯಲ್ಲ. ಪ್ರಶ್ನೆಪತ್ರಿಕೆಯೇ ತಪ್ಪಿರುವಾಗ ವಿದ್ಯಾರ್ಥಿಯನ್ನು ಫೇಲು ಮಾಡಲಾಗದು.

ಈಗ ನನ್ನ ಮುಖ್ಯ ಆರೋಪಕ್ಕೆ ಬರುತ್ತೇನೆ. ಇದೇ ಇನೋಯೆಯವರು 1996ರಲ್ಲಿ, ಆಸ್ಪತ್ರೆಗೆ ಬಂದ ಮೇಲೆ ಈ ಸ್ಥಿತಿಯನ್ನು ತರುವ ಐದು ಅಂಶಗಳನ್ನು ಗುರುತಿಸಿದರು: ಕೈಕಾಲು ಕಟ್ಟುವುದು, ಪೋಷಣೆಯ ಕೊರತೆ, ಮೂರಕ್ಕಿಂತ ಹೆಚ್ಚು ಹೊಸ ಔಷಧಿಗಳು, ಮೂತ್ರದ ನಳಿಕೆ, ಮತ್ತು ಚಿಕಿತ್ಸೆಯಿಂದಲೇ ಉಂಟಾದ ಯಾವುದಾದರೂ ತೊಡಕು. ಪಟ್ಟಿಯನ್ನು ಮತ್ತೊಮ್ಮೆ ಓದಿ. ಇದರಲ್ಲಿ ವಯಸ್ಸು ಎಲ್ಲಿದೆ? ವಯಸ್ಸು, ಮೊದಲೇ ಇರುವ ಮರೆವು, ಮಂದವಾದ ಕಣ್ಣು ಕಿವಿಗಳು ನೆಲವನ್ನು ಹದ ಮಾಡಿರುತ್ತವೆ ಎಂಬುದು ನಿಜ. ಆದರೆ ಬೀಜ ಬೀಳುವುದು ಬಹುಮಟ್ಟಿಗೆ ಈ ಐದರಿಂದ, ಸೋಂಕು, ನೋವು, ನಿರ್ಜಲತೆಗಳಿಂದ. ನನ್ನ ಅಕ್ಕನ ಕೈ ಕಟ್ಟಿದ್ದು ಅವಳು ದಿಕ್ಕು ತಪ್ಪಿದ್ದಕ್ಕೆ ಪರಿಹಾರವಾಗಿ. ಅದು ದಿಕ್ಕು ತಪ್ಪಿಸುವ ಕಾರಣವೂ ಹೌದೆಂದು ಇಪ್ಪತ್ತೇಳು ವರ್ಷಗಳ ಹಿಂದೆಯೇ ಅಚ್ಚಾಗಿತ್ತು.

ತಡೆಯಬಹುದೇ ಎಂದರೆ, ಒಂದು ಮಟ್ಟಿಗೆ ಹೌದು. 1999ರಲ್ಲಿ ಯೇಲ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಎಪ್ಪತ್ತು ದಾಟಿದ 852 ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಮಾಮೂಲಿ ಶುಶ್ರೂಷೆ ಪಡೆದವರಲ್ಲಿ ಶೇಕಡ 15 ಮಂದಿಗೆ ಡೆಲಿರಿಯಮ್ ಬಂದರೆ, ವಿಶೇಷ ಆರೈಕೆ ಪಡೆದವರಲ್ಲಿ ಶೇಕಡ 9.9 ಮಂದಿಗೆ ಮಾತ್ರ. ಆ ವಿಶೇಷ ಆರೈಕೆ ಯಾವುದು? ದಿನ, ಸ್ಥಳ ನೆನಪಿಸುತ್ತ ಮಾತನಾಡಿಸುವುದು, ಬೇಗ ಎಬ್ಬಿಸಿ ನಡೆಸುವುದು, ರಾತ್ರಿ ಮಾತ್ರೆಯಿಲ್ಲದೆ ನಿದ್ರೆ ಬರುವಂತೆ ಸದ್ದು ತಗ್ಗಿಸುವುದು, ಕನ್ನಡಕ ಕೊಡುವುದು, ಕಿವಿಯ ಮಿಷನ್ನು ಕೊಡುವುದು, ನೀರು ಕುಡಿಸುವುದು. ಅಷ್ಟೇ. ನಮ್ಮ ಮನೆಗೆ ಬಂದ ಡಾಕ್ಟರು ಅಜ್ಜಿಗೆ ಹೇಳಿದ್ದೂ ಹೆಚ್ಚುಕಡಿಮೆ ಇದೇ. ಆದರೆ ಅದೇ ಅಧ್ಯಯನ ಇನ್ನೊಂದು ಕಹಿ ಸತ್ಯವನ್ನೂ ಹೇಳಿತು. ಒಮ್ಮೆ ಡೆಲಿರಿಯಮ್ ಬಂದ ಮೇಲೆ ಅದರ ತೀವ್ರತೆಯನ್ನು ತಗ್ಗಿಸಲು ಈ ಆರೈಕೆಯಿಂದ ಹೆಚ್ಚು ಪ್ರಯೋಜನ ಕಾಣಲಿಲ್ಲ. ಔಷಧಿಯ ಕಥೆಯೂ ಆಶಾದಾಯಕವಲ್ಲ. ರೂಢಿಯಲ್ಲಿ ಕೊಡುವ ಹ್ಯಾಲೊಪೆರಿಡಾಲ್ ಎಂಬ ಔಷಧಿಯು ಐಸಿಯು ರೋಗಿಗಳಲ್ಲಿ ಡೆಲಿರಿಯಮ್ಮಿನ ಅವಧಿಯನ್ನು ಬರಿಯ ಹುಸಿಮದ್ದಿಗಿಂತ ಕಡಿಮೆ ಮಾಡಲಿಲ್ಲವೆಂದು 2018ರ ದೊಡ್ಡ ಪ್ರಯೋಗವೊಂದು ತೋರಿಸಿತು. ಎಂದ ಮೇಲೆ ಬರದಂತೆ ನೋಡಿಕೊಳ್ಳುವುದು, ಬಂದರೆ ಕಾರಣವನ್ನು ಬೇಗ ಹುಡುಕುವುದು, ಇವೇ ದಾರಿ.

"ಬಂದರೇನಂತೆ, ನಾಲ್ಕು ದಿನದಲ್ಲಿ ಹೋಗುತ್ತದಲ್ಲ" ಎನ್ನುವವರಿದ್ದಾರೆ. ಇದು ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು. ಆಸ್ಪತ್ರೆಯಲ್ಲಿ ಡೆಲಿರಿಯಮ್ ಬಂದ ಹಿರಿಯರ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಮನೆಗೆ ಹೋಗುವಾಗ ಸುಮಾರು ಶೇಕಡ 45 ಮಂದಿಯಲ್ಲಿ ಅದು ಇನ್ನೂ ಉಳಿದಿತ್ತು. ಆರು ತಿಂಗಳ ಮೇಲೂ ಶೇಕಡ 21 ಮಂದಿಯಲ್ಲಿತ್ತು. 2013ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ವೈದ್ಯರು ಐಸಿಯುವಿನಿಂದ ಬದುಕಿ ಬಂದವರನ್ನು ವರ್ಷಕಾಲ ಅನುಸರಿಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. 821 ಮಂದಿಯಲ್ಲಿ ಶೇಕಡ 74 ಮಂದಿಗೆ ಡೆಲಿರಿಯಮ್ ಬಂದಿತ್ತು. ವರ್ಷದ ಕೊನೆಗೆ ಪರೀಕ್ಷಿಸಿದವರಲ್ಲಿ ಸುಮಾರು ಕಾಲುಭಾಗ ಮಂದಿಯ ಬುದ್ಧಿಶಕ್ತಿಯ ಅಂಕಗಳು ಆರಂಭದ ಹಂತದ ಆಲ್ಜೈಮರ್ ರೋಗಿಗಳ ಮಟ್ಟದಲ್ಲಿದ್ದವು. ಡೆಲಿರಿಯಮ್ ಎಷ್ಟು ಹೆಚ್ಚು ದಿನ ಇತ್ತೋ ಅಷ್ಟು ಹೆಚ್ಚು ನಷ್ಟ. ಇನ್ನೊಂದು ಅಂಶವನ್ನು ಅಡಿಗೆರೆ ಹಾಕಿ ಓದಿ: ಈ ನಷ್ಟ ಮುದುಕರಲ್ಲಿ ಮಾತ್ರವಲ್ಲ, ಕಿರಿಯ ರೋಗಿಗಳಲ್ಲೂ ಕಂಡಿತು. ಈಗ ಹೇಳಿ, ಇದು ವಯಸ್ಸೇ?

"ಅವರಿಗೆ ಮೊದಲೇ ಒಳಗೊಳಗೇ ಮರೆವಿನ ಕಾಯಿಲೆ ಇದ್ದಿರಬೇಕು, ಆಸ್ಪತ್ರೆಯಲ್ಲಿ ಹೊರಬಿತ್ತು ಅಷ್ಟೆ" ಎಂಬ ವಾದವೂ ಇದೆ. ಕೆಲವರ ಮಟ್ಟಿಗೆ ಅದು ನಿಜವೇ. ಎಲ್ಲರ ವಿಷಯದಲ್ಲೂ ಯಾವುದು ಕಾರಣ, ಯಾವುದು ಪರಿಣಾಮ ಎಂದು ತಜ್ಞರೇ ಇನ್ನೂ ಚರ್ಚಿಸುತ್ತಿದ್ದಾರೆ. ಆದರೆ ಆ ವಾದದಿಂದ ಹೊರಡುವ ತೀರ್ಮಾನವೇನು? ಮೊದಲೇ ಸಡಿಲವಾದ ಮೆಟ್ಟಿಲ ಮೇಲೆ ಎಣ್ಣೆ ಸುರಿಯಬಹುದು ಎಂದೇ? ಮಿದುಳು ದುರ್ಬಲವಾಗಿದ್ದರೆ ಎರಡು ಪಟ್ಟು ಎಚ್ಚರ ವಹಿಸಬೇಕೆಂಬುದಲ್ಲವೇ ನ್ಯಾಯ?

ನಮ್ಮ ಅಕ್ಕನ ವಿಷಯದಲ್ಲಿ ಮುಂದೆ ಆದದ್ದನ್ನೂ ಹೇಳಬೇಕು. ಅವಳ ಡಿಸ್ಚಾರ್ಜ್ ಸಮರಿ ಏಳು ಪುಟ. ತೊಡೆಯೊಳಗೆ ಹಾಕಿದ ಸ್ಕ್ರೂವಿನ ಅಳತೆ ಇತ್ತು, ಹಿಮೋಗ್ಲೋಬಿನ್ ಇತ್ತು. ಡೆಲಿರಿಯಮ್ ಎಂಬ ಒಂದು ಪದ ಇರಲಿಲ್ಲ. ಕೈ ಕಟ್ಟಿದ್ದರ ಉಲ್ಲೇಖವೂ ಇರಲಿಲ್ಲ. ಎಂದರೆ ಮುಂದಿನ ಸಲ ಅವಳನ್ನು ನೋಡುವ ವೈದ್ಯರಿಗೆ ಆ ಐದು ದಿನಗಳು ನಡೆದೇ ಇಲ್ಲ. ಆದರೆ ಅಕ್ಕನ ಮಟ್ಟಿಗೆ ಅವು ಮುಗಿದೇ ಇಲ್ಲ. ಮನೆಗೆ ಬಂದ ಮೊದಲ ತಿಂಗಳು ಹಾಲಿನ ಲೆಕ್ಕ ಕೂಡಿಸಲಾರದೆ ಪುಸ್ತಕ ಮುಚ್ಚಿಟ್ಟಳು. ಒಲೆಯ ಮೇಲೆ ಸಾರಿಟ್ಟು ಮರೆತಳು. ಅದನ್ನು ಕಂಡು ಅವಳ ಹಿರಿಯ ಮಗ ಹೊರದೇಶದಿಂದ ಧಾವಿಸಿ ಬಂದ. "ಅಮ್ಮನಿಗೆ ಅರಳು ಮರಳು ಶುರುವಾಯಿತು ಚಿಕ್ಕಮ್ಮ. ಮನೆ ಮಾರಿ ಒಳ್ಳೆಯ ಕಡೆ ಸೇರಿಸುತ್ತೇನೆ. ಪವರ್ ಆಫ್ ಅಟಾರ್ನಿಗೆ ಸಹಿ ಹಾಕಿಸಬೇಕು" ಎಂದ. ಅವನು ಕೆಟ್ಟವನಲ್ಲ. ರಜೆ ಹತ್ತೇ ದಿನ, ಭಯ ಬೆಟ್ಟದಷ್ಟು. ಇದು ಬಂದು ಹೋಗುವ ಸ್ಥಿತಿ, ಕಾಯಬೇಕು ಎಂದು ಅವನಿಗೆ ಯಾವ ಕಾಗದವೂ ಹೇಳಿರಲಿಲ್ಲ. ನಾನು ಜಗಳವಾಡಿದೆ. ಆರು ತಿಂಗಳು ಏನನ್ನೂ ಮಾಡಕೂಡದೆಂದು ಹಟ ಹಿಡಿದೆ. ನಾಲ್ಕು ದಿನ ಅವನು ನನ್ನೊಡನೆ ಮಾತು ಬಿಟ್ಟ. (ಮಗೂ, ನೀನು ಇದನ್ನು ಓದುತ್ತಿದ್ದೀಯೆಂದು ಗೊತ್ತು. ಆ ಜಗಳ ನೆನೆದರೆ ನನಗೂ ಈಗ ಸಂಕೋಚವಾಗುತ್ತದೆ. ಆದರೆ ಮತ್ತೆ ಆಡಬೇಕಾಗಿ ಬಂದರೆ ಆಡುತ್ತೇನೆ.)

ಆರನೆಯ ತಿಂಗಳಿಗೆ ಅಕ್ಕ ಹಾಲಿನ ಲೆಕ್ಕಕ್ಕೆ ಮರಳಿದಳು. ಈಗ ಅವಳಿಗೆ ಎಂಬತ್ತು. ಗವಿಪುರದ ಮನೆ ಅವಳ ಹೆಸರಿನಲ್ಲೇ ಇದೆ, ಅವಳು ಅಲ್ಲೇ ಇದ್ದಾಳೆ. ಹಗಲಿಗೆ ಒಬ್ಬ ಸಹಾಯಕಿ, ರಾತ್ರಿಗೆ ನಾನು. ಪೂರ್ತಿ ಮೊದಲಿನಂತಾದಳೆಂದು ಬರೆದರೆ ಸುಳ್ಳಾಗುತ್ತದೆ. ಚೀಟಿಯ ಲೆಕ್ಕವನ್ನು ತಾನಾಗಿಯೇ ಬಿಟ್ಟುಕೊಟ್ಟಳು. ಸಂವತ್ಸರಗಳನ್ನು ಹೇಳುವಾಗ ನಡುವೆ ತಡವರಿಸುತ್ತಾಳೆ. ದೀಪ ಆರಿಸಿದರೆ ನಿದ್ರೆ ಬರುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅವಳಿಗೆ ಎಲ್ಲವೂ ನೆನಪಿದೆ. ದಿಕ್ಕು ತಪ್ಪಿದವರಿಗೆ ಏನೂ ತಿಳಿಯುವುದಿಲ್ಲ, ಆಮೇಲೆ ನೆನಪೂ ಇರುವುದಿಲ್ಲ ಎಂದು ನಾವು ಭಾವಿಸುತ್ತೇವೆ. ನ್ಯೂಯಾರ್ಕಿನ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಡೆಲಿರಿಯಮ್ಮಿನಿಂದ ಚೇತರಿಸಿಕೊಂಡವರನ್ನು ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ಅನುಭವ ನೆನಪಿತ್ತೆಂದು 2002ರಲ್ಲಿ ವರದಿಯಾಯಿತು. ಒಂದು ರಾತ್ರಿ ಅಕ್ಕ ನನ್ನನ್ನು ಕೇಳಿದಳು: "ನನ್ನನ್ನು ಕಟ್ಟಿಹಾಕಿದ್ದರಲ್ಲ, ನಾನು ಏನು ತಪ್ಪು ಮಾಡಿದ್ದೆ?" ಈ ಪ್ರಶ್ನೆಗೆ ನನ್ನ ಬಳಿ ಇನ್ನೂ ಉತ್ತರವಿಲ್ಲ.

ಒಂದು ವಿಪರ್ಯಾಸವನ್ನು ಗಮನಿಸಿ. ನಮ್ಮ ಊರಿನ ನಿಮ್ಹಾನ್ಸ್‌ನಂತಹ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ರೋಗಿಯನ್ನು ಕಟ್ಟಬೇಕಾದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 97ನೆಯ ಸೆಕ್ಷನ್ ಅಡ್ಡ ನಿಲ್ಲುತ್ತದೆ. ತಕ್ಷಣದ ಅಪಾಯವನ್ನು ತಡೆಯಲು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಕಟ್ಟಬಹುದು, ಮನೋವೈದ್ಯರ ಅನುಮತಿ ಬೇಕು, ಕಾರಣವನ್ನೂ ಅವಧಿಯನ್ನೂ ಬರೆದಿಡಬೇಕು, ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಮನೋರೋಗಿಗೆ ದೊರೆತ ಈ ಮರ್ಯಾದೆ, ಮೂಳೆ ಮುರಿದು ಸಾಮಾನ್ಯ ಆಸ್ಪತ್ರೆಗೆ ಬಂದ ನನ್ನ ಅಕ್ಕನಿಗೆ ಏಕೆ ದೊರೆಯಲಿಲ್ಲ? ನಾನು ನೋಡಲು ಹೋಗದಿದ್ದರೆ ಕಟ್ಟಿದ್ದ ಸಂಗತಿ ನಮಗೆ ತಿಳಿಯುತ್ತಲೇ ಇರಲಿಲ್ಲ.

"ಒಬ್ಬ ಸಿಸ್ಟರ್ ನಾಲ್ಕಾರು ರೋಗಿಗಳನ್ನು ನೋಡಬೇಕು, ನಳಿಕೆ ಕಿತ್ತುಕೊಂಡರೆ ಪ್ರಾಣಕ್ಕೇ ಅಪಾಯ, ಎಲ್ಲ ನೆಂಟರನ್ನೂ ಒಳಗೆ ಬಿಟ್ಟರೆ ಸೋಂಕು" ಎಂದು ಆಸ್ಪತ್ರೆಯವರು ಹೇಳುತ್ತಾರೆ. ಒಪ್ಪುತ್ತೇನೆ. ಆ ದಾದಿಯರ ಮೇಲೆ ನನಗೆ ಕೋಪವಿಲ್ಲ. ನನ್ನ ಕೆಲವು ವಿದ್ಯಾರ್ಥಿನಿಯರೇ ಆ ಕೆಲಸದಲ್ಲಿದ್ದಾರೆ, ಅವರ ಕಾಲುಗಳ ಊತ ನಾನು ಕಂಡಿದ್ದೇನೆ. ಆದರೆ ನಾನು ಕೇಳುತ್ತಿರುವುದು ಎಲ್ಲ ನೆಂಟರ ಪ್ರವೇಶವನ್ನಲ್ಲ. ಕೈ ತೊಳೆದುಕೊಂಡು ಬಂದ ಒಬ್ಬರೇ ಒಬ್ಬರನ್ನು ಹಗಲಿನಲ್ಲಿ ಪಕ್ಕದಲ್ಲಿ ಕೂರಲು ಬಿಡಿ. ಸಂಬಳವಿಲ್ಲದೆ ಕಾವಲು ಕಾಯಲು ಸಿದ್ಧರಿರುವ ಅಕ್ಕ ತಂಗಿಯರನ್ನು ಹೊರಗಿನ ಕುರ್ಚಿಯಲ್ಲಿ ಕೂರಿಸಿ, ಒಳಗೆ ಸಿಬ್ಬಂದಿ ಸಾಲದೆಂದು ಕೈ ಕಟ್ಟುವುದು ಯಾವ ನ್ಯಾಯ?

ನನ್ನ ಬೇಡಿಕೆಗಳು ನಾಲ್ಕು. ಅರವತ್ತೈದು ದಾಟಿದವರು ದಾಖಲಾದಾಗ ಅವರು ಮೊದಲು ಹೇಗಿದ್ದರೆಂದು ಮನೆಯವರನ್ನು ಕೇಳಿ ಬರೆದುಕೊಳ್ಳಿ, ದಿನಕ್ಕೊಮ್ಮೆಯಾದರೂ ಡೆಲಿರಿಯಮ್ ಇದೆಯೇ ಎಂದು ನೋಡಿ. ಕನ್ನಡಕ, ಕಿವಿಯ ಮಿಷನ್ನು, ಹಲ್ಲು ಇವು ಒಡವೆಗಳಲ್ಲ. ರೋಗಿಗೆ ಎಚ್ಚರವಾದ ಕೂಡಲೇ ಹಿಂತಿರುಗಿಸಿ. ಕಟ್ಟಲೇಬೇಕಾಗಿ ಬಂದರೆ ಕಾರಣವನ್ನು ಬರೆದು, ಮನೆಯವರಿಗೆ ಅಂದೇ ತಿಳಿಸಿ, ಆದಷ್ಟು ಬೇಗ ಬಿಚ್ಚಿ. ಕೊನೆಯದಾಗಿ, ಡೆಲಿರಿಯಮ್ ಬಂದಿತ್ತೆಂದು ಡಿಸ್ಚಾರ್ಜ್ ಸಮರಿಯಲ್ಲಿ ಬರೆಯಿರಿ, ಮೂರು ತಿಂಗಳಿಗೊಮ್ಮೆ ಕರೆಸಿ ನೋಡಿ.

ಮನೆಯವರಾದ ನಮಗೂ ಪಾಠವಿದೆ. ಹಿರಿಯರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ, ನಿದ್ರೆ ಮಾತ್ರೆ, ನೆಗಡಿ ಮಾತ್ರೆಯೂ ಸೇರಿದಂತೆ, ಆಸ್ಪತ್ರೆಗೆ ಒಯ್ಯಿರಿ. "ಇವರು ನಿನ್ನೆಯವರೆಗೂ ಹೀಗಿರಲಿಲ್ಲ" ಎಂಬ ವಾಕ್ಯವನ್ನು ಅಂಜದೆ, ಎಷ್ಟು ಸಲ ಬೇಕಾದರೂ ಹೇಳಿ. ನಿಮ್ಮಷ್ಟು ಚೆನ್ನಾಗಿ ಆ ನಿನ್ನೆಯನ್ನು ಬಲ್ಲವರು ಅಲ್ಲಿ ಬೇರೆ ಯಾರೂ ಇಲ್ಲ. ಗೋಡೆಯ ಮೇಲೆ ಇರುವೆ ಎಂದರೆ ಇಲ್ಲವೆಂದು ವಾದಿಸಬೇಡಿ. "ನಾನು ಇಲ್ಲೇ ಇದ್ದೇನೆ, ಭಯ ಬೇಡ" ಎನ್ನಿ. ಥಟ್ಟನೆ ಸುಮ್ಮನಾದರೆ ನನ್ನಂತೆ ತುಪ್ಪದ ದೀಪ ಹಚ್ಚಬೇಡಿ, ವೈದ್ಯರನ್ನು ಕರೆಯಿರಿ. ಮನೆಗೆ ಬಂದ ಮೇಲೆ ಕನಿಷ್ಠ ಆರು ತಿಂಗಳು ಮನೆ, ಹಣ, ಸಹಿ, ವೃದ್ಧಾಶ್ರಮ ಇವುಗಳ ಮಾತನ್ನು ತೀರ ಅನಿವಾರ್ಯವಲ್ಲದಿದ್ದರೆ ಎತ್ತಬೇಡಿ. ಕಾದು ನೋಡಿದರೆ ಕಳೆದುಕೊಳ್ಳುವುದು ಆರು ತಿಂಗಳು. ಕಾಯದಿದ್ದರೆ ಕಳೆದುಕೊಳ್ಳುವುದು ಒಬ್ಬರ ಮನೆ, ಹೆಸರು, ಮರ್ಯಾದೆ.

ಗಾಂಧಿ ಬಜಾರಿನಲ್ಲಿ ಸಿಕ್ಕ ಆ ಹುಡುಗಿಗೆ ಅಂದೇ ಇಷ್ಟನ್ನೂ ಹೇಳಿದೆ. ಅವಳ ತಂದೆಯ ಕಾಗದದಲ್ಲಿಯೂ ಆ ಪದ ಇರಲಿಲ್ಲವಂತೆ. ವೈದ್ಯರ ಬಳಿ ಮರಳಿ ಹೋಗಿ ಬರೆಸಿಕೊಂಡು ಬಾ ಎಂದೆ. ಹೋಗುತ್ತೇನೆ ಮಿಸ್ ಎಂದಿದ್ದಾಳೆ.

ವೈದ್ಯರಾಗಿರುವ ನನ್ನ ವಿದ್ಯಾರ್ಥಿಗಳೇ, ಯಾವ ತರಗತಿಯಲ್ಲೂ ನಾನು ನಿಮ್ಮಿಂದ ಗುರುದಕ್ಷಿಣೆ ಕೇಳಿದವಳಲ್ಲ. ಈಗ ಕೇಳುತ್ತಿದ್ದೇನೆ. ನಾಳೆ ಬೆಳಿಗ್ಗೆ ರೌಂಡ್ಸಿಗೆ ಹೋದಾಗ ಅತ್ಯಂತ ಸುಮ್ಮನೆ ಮಲಗಿರುವ ಮುದುಕಿಯ ಬಳಿ ನಿಂತು, ಅವಳ ಕಿವಿಯ ಹತ್ತಿರ ಬಾಗಿ, ಅವಳ ಭಾಷೆಯಲ್ಲಿ, ತಿಂಗಳುಗಳನ್ನು ಹಿಂದಿನಿಂದ ಹೇಳಿಸಿ. ಫಾಲ್ಗುಣದಲ್ಲೇ ನಿಂತುಬಿಟ್ಟರೆ 'ವಯಸ್ಸಾಯಿತಲ್ಲ' ಎಂದು ಮುಂದಿನ ಮಂಚಕ್ಕೆ ಹೋಗಬೇಡಿ. ಕಾರಣ ಹುಡುಕಿ. ಅಷ್ಟು ಮಾಡಿದರೆ ನನಗೆ ಸಂದಾಯವಾಯಿತೆಂದು ತಿಳಿಯುತ್ತೇನೆ.